ಮಣ್ಣಿಗೆ ಎತ್ತಿಟ್ಟ ಕುಪ್ಪಸ

ನಮ್ಮ ಕಸೂತಿ ಗುಂಪಿನ ಹೆಂಗಸರೆಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಹದಿನೈದು ದಿನಕ್ಕೊಮ್ಮೆ ಶನಿವಾರ ಬೆಳಿಗ್ಗೆ, ನಾವು ಬಂದು ನೆಲೆಸಿದ ಪರದೇಶದ ಊರು ಲೋವರ್ ಹಟ್‌ನ ರೈಲು ನಿಲ್ದಾಣದ ಹಿಂದಿದ್ದ ಸ್ಕೌಟ್ ಹಾಲಿನಲ್ಲಿ ಸೇರುತ್ತಿದ್ದೆವು. ಒಟ್ಟು ಹನ್ನೆರಡು ಜನ. ನನ್ನೊಬ್ಬಳನ್ನು ಬಿಟ್ಟರೆ ಎಲ್ಲರೂ ಕೆಲಸದಿಂದ ನಿವೃತ್ತರಾದ ಬಿಳಿಯ ಅಜ್ಜಿಯರು. ಹೆಸರಿಗೆ ಎರಡು ಗಂಟೆ ಹೊಲಿಗೆ. ಅದರಲ್ಲಿ ಮುಕ್ಕಾಲು ಗಂಟೆ ಚಹಾಕ್ಕೆ ಹೋಗುತ್ತಿತ್ತು, ಅರ್ಧ ಗಂಟೆ ಸೊಸೆಯಂದಿರ ಮೇಲಿನ ದೂರಿಗೆ, ಉಳಿದದ್ದು ಅವರವರ ನಾಯಿಗಳಿಗೆ. ಹೊಲಿದದ್ದನ್ನು ಮುಂದಿನಿಂದ ನೋಡಿದರೆ ಪರವಾಗಿಲ್ಲ ಅನ್ನಿಸುತ್ತಿತ್ತು. ತಿರುಗಿಸಿ ನೋಡಿದರೆ ಎಲ್ಲರ ಬಂಡವಾಳವೂ ಬಯಲು.

ನಾನು ಧಾರವಾಡದವಳು, ಇಲ್ಲಿನ ಆಸ್ಪತ್ರೆಯೊಂದರ ಆಪರೇಷನ್ ಥಿಯೇಟರಿನಲ್ಲಿ ನರ್ಸ್. ನಮ್ಮವ್ವ ಇಳಕಲ್ ಸೀರೆಯ ಸೆರಗಿನ ಮೇಲೆ ಎಳೆ ಎಣಿಸಿ ಗೋಪುರ, ತೇರು, ಅಂಬಾರಿ ಆನೆ ತೆಗೆಯುತ್ತಿದ್ದಳು. ನಮ್ಮ ಕಸೂತಿಯಲ್ಲಿ ಗಂಟು ಹಾಕುವಂತಿಲ್ಲ. ಹೊರಟ ದಾರ ಬಂದ ದಾರಿಯಲ್ಲೇ ತಿರುಗಿ ಹೋಗಬೇಕು, ಬಟ್ಟೆಗೆ ಹಿಂದು ಮುಂದು ಎರಡೂ ಒಂದೇ ಆಗಿ ಕಾಣಬೇಕು. ಇದನ್ನು ಎಂಟು ವರ್ಷದ ಹುಡುಗಿಯಾಗಿದ್ದಾಗ ಬೈಸಿಕೊಂಡು ಕಲಿತವಳಿಗೆ, ಎಪ್ಪತ್ತು ವರ್ಷದವರು ಬೆಳ್ಳುಳ್ಳಿ ಗಾತ್ರದ ಗಂಟು ಹಾಕಿ ಪರಸ್ಪರ ಬೆನ್ನು ತಟ್ಟಿಕೊಳ್ಳುವುದನ್ನು ನೋಡಿದರೆ ಏನನ್ನಿಸಬೇಕು? ಆದರೂ ನಾನು ಬಿಡದೆ ಹೋಗುತ್ತಿದ್ದೆ. ನನ್ನ ಕೆಲಸವನ್ನು ಕೈಯಿಂದ ಕೈಗೆ ದಾಟಿಸಿ ಅವರು ಹೊಗಳುತ್ತಿದ್ದರಲ್ಲ, ಆ ಹೊಗಳಿಕೆ ನನಗೆ ಬೇಕಿತ್ತು. ಅಕ್ಷರ ಚೆನ್ನಾಗಿದೆಯೆಂದು ನನ್ನನ್ನೇ ಕಾರ್ಯದರ್ಶಿ ಮಾಡಿದರು. ಅದಕ್ಕೂ ಬೀಗಿದೆ.

ಅವರಲ್ಲಿ ಇಬ್ಬರ ವಿಷಯ ಹೇಳಬೇಕು. ಒಬ್ಬಳು ಅಧ್ಯಕ್ಷೆ, ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದವಳು. ನಮ್ಮನ್ನೂ ಮೂರನೇ ಕ್ಲಾಸಿನವರೆಂದೇ ತಿಳಿದಿದ್ದಳು. ಇನ್ನೊಬ್ಬಳಿಗೆ ನಾನು ಮನಸ್ಸಿನಲ್ಲೇ ಗಂಟಿನಮ್ಮ ಎಂದು ಹೆಸರಿಟ್ಟಿದ್ದೆ. ಹಿಂದೆ ಎಲ್ಲೋ ಡೇರಿ ಅಂಗಡಿ ಇಟ್ಟುಕೊಂಡು ಹಾಲು, ಬ್ರೆಡ್ಡು ಮಾರುತ್ತಿದ್ದಳಂತೆ. ಆ ಗುಂಪಿನ ಲೆಕ್ಕದಲ್ಲೂ ಅವಳ ಹೊಲಿಗೆ ಕೆಟ್ಟದ್ದು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವಳು ಸೂಜಿ, ಬೆಳಕು, ಕನ್ನಡಕ, ಎಲ್ಲವನ್ನೂ ಬೈದು ಕೊನೆಗೆ ಬಿಸ್ಕತ್ತು ತಿನ್ನುತ್ತ ಕೂರುತ್ತಿದ್ದಳು. ಆ ಹನ್ನೊಂದು ಜನರಲ್ಲಿ ನನಗೆ ಅತಿ ಹೆಚ್ಚು ತಾತ್ಸಾರ ಇದ್ದದ್ದು ಇವಳ ಮೇಲೆ.

ಗ್ವಾಟೆಮಾಲಾ ಪ್ರವಾಸ ಅಧ್ಯಕ್ಷೆಯ ಕಲ್ಪನೆ. ಮಾಯಾ ಜನರ ನೇಯ್ಗೆ, ಕಸೂತಿ, ಸಂಸ್ಕೃತಿ, ಎಲ್ಲವನ್ನೂ ಹದಿನಾರು ದಿನದಲ್ಲಿ ಅರೆದು ಕುಡಿಯುವುದು. ಹೊರಡುವ ಮೊದಲು ಆರು ಶನಿವಾರ ನಮಗೆ ಪಾಠವಾಯಿತು. ಸ್ಕೌಟ್ ಹಾಲಿನ ಕಂಬಕ್ಕೆ ನೂಲು ಕಟ್ಟಿ, ಇನ್ನೊಂದು ತುದಿಯನ್ನು ಪಟ್ಟಿಯಿಂದ ಸೊಂಟಕ್ಕೆ ಬಿಗಿದುಕೊಂಡು ನೇಯುವುದನ್ನು ಅಭ್ಯಾಸ ಮಾಡಿದೆವು. ಎದ್ದು ನಿಲ್ಲಲು ಬಾರದೆ ಮೂವರು ಅಲ್ಲೇ ಸಿಕ್ಕಿಕೊಂಡರು. ನನ್ನ ಗಂಡ ಇದನ್ನು ಕೇಳಿ ಬಿದ್ದು ಬಿದ್ದು ನಕ್ಕು, "ಅವರ ಜೋಡಿ ನೀ ಯಾಕ ಹೊಂಟಿ?" ಅಂದ. ನೋಡಬೇಕಾದ ನೇಯ್ಗೆ ಅದು, ಜೊತೆಗೆ ಯಾರಿದ್ದರೇನು ಅಂದೆ. ಅರ್ಧ ನಿಜ. ಅವರೆಲ್ಲರ ನಡುವೆ ನಿಂತು ಬಟ್ಟೆಯನ್ನು ಬಲ್ಲವಳು ನಾನೊಬ್ಬಳೇ ಎಂದು ತೋರಿಸಿಕೊಳ್ಳುವ ಆಸೆಯೂ ಇತ್ತು.

ಅಲ್ಲಿ ದಿನಕ್ಕೊಂದು ಊರು, ಊರಿಗೊಂದು ಮಗ್ಗ, ಮಗ್ಗಕ್ಕೆ ಮುನ್ನೂರು ಫೋಟೋ. ಐಪ್ಯಾಡನ್ನು ತಟ್ಟೆಯಂತೆ ಎರಡೂ ಕೈಯಲ್ಲಿ ಎತ್ತಿ ಹಿಡಿದು, ನೇಯುವವರ ಮುಖಕ್ಕೇ ಒಡ್ಡುತ್ತಿದ್ದರು. ಒಂಬತ್ತನೆಯ ದಿನ ಕೆರೆಯಂಚಿನ ಒಂದು ಹಳ್ಳಿಯಲ್ಲಿ ಒಂದು ಮನೆಗೆ ಹೋದೆವು. ಅತ್ತೆ ಹಿಟ್ಟಿನ ಗಿರಣಿಗೆ ಹೋಗಿದ್ದಾಳೆ ಎಂದು ಹೇಳಿ ನಮ್ಮನ್ನು ಕರೆತಂದವರು ಬೇರೆ ಕೆಲಸಕ್ಕೆ ಹೋದರು, ಆಮೇಲೆ ಎಲ್ಲ ಕೈಸನ್ನೆಯಲ್ಲೇ. ಸೊಸೆ ಅಂಗಳದ ಮರಕ್ಕೆ ಮಗ್ಗ ಕಟ್ಟಿಕೊಂಡು ಕೂತಿದ್ದಳು. ಅವಳು ತೊಟ್ಟಿದ್ದ ಅಗಲವಾದ ಕುಪ್ಪಸ, ವಿಪಿಲ್ ಅನ್ನುತ್ತಾರೆ ಅದಕ್ಕೆ, ಒಳಮಗ್ಗುಲು ಹೊರಗಾಗಿತ್ತು. ಬಿಸಿಲಿಗೆ ಬಣ್ಣ ಹೋಗದಿರಲಿ, ಕೆಲಸದಲ್ಲಿ ಮೇಲ್ಮೈ ಸವೆಯದಿರಲಿ ಎಂದು ಹೀಗೆ ತೊಡುತ್ತಾರೆಂದು ನೋಡಿದ ಕೂಡಲೇ ನನಗೆ ತಿಳಿಯಿತು. ಗಂಟಿನಮ್ಮ ಮಾತ್ರ ಪಾಪದವಳು ಅವಸರದಲ್ಲಿ ತಿರುವುಮುರುವು ತೊಟ್ಟಿದ್ದಾಳೆ ಅಂದುಕೊಂಡು, ಪರ್ಸಿನಿಂದ ಪುಟ್ಟ ಕನ್ನಡಿ ತೆಗೆದು, ಯಾರಿಗೂ ಕಾಣದಂತೆ ಅವಳ ಮುಂದೆ ಹಿಡಿದಳು. ಆ ಹೆಂಗಸು ಹೊಟ್ಟೆ ಹಿಡಿದುಕೊಂಡು ನಕ್ಕಳು. ಗಂಟಿನಮ್ಮನೂ ನಕ್ಕಳು. ನನಗೆ ನಾಚಿಕೆಯಿಂದ ಮೈ ಹಿಡಿಯಾಯಿತು.

ನೇಯ್ಗೆ ನೋಡಿ ಮುಗಿದ ಮೇಲೆ ಸೊಸೆ ಮಾರಲು ಇಟ್ಟಿದ್ದ ಬಟ್ಟೆ ಹರವಿದಳು. ಅಧ್ಯಕ್ಷೆಗೆ ಅದ್ಯಾವುದೂ ಬೇಡ. ಹಳೆಯದು ಬೇಕು, ಮನೆಯವರು ತಮಗಾಗಿ ಮಾಡಿಕೊಂಡದ್ದು ಬೇಕು. ಇಲ್ಲ ಎಂದು ಸೊಸೆ ತಲೆಯಾಡಿಸಿದಷ್ಟೂ ಇವಳು ಕೈಸನ್ನೆಯಿಂದ ಪೆಟ್ಟಿಗೆ ತೋರಿಸಿದಳು. ಕೊನೆಗೆ ಆ ಪೆಟ್ಟಿಗೆಯ ತಳದಿಂದ ಒಂದು ಕುಪ್ಪಸ ಬಂತು. ಕುತ್ತಿಗೆಯ ಸುತ್ತ ನೇರಳೆ ಬಣ್ಣದ ಹಕ್ಕಿಗಳು, ಒಂದೊಂದರ ಕೊಕ್ಕಿನಲ್ಲೂ ಒಂದೊಂದು ಕಾಳು. ಎಂಥ ಕೈ ಅದು! ತಿರುಗಿಸಿ ನೋಡಿದೆ, ಹಿಂದೆಯೂ ಅದೇ ಹಕ್ಕಿಗಳು. ಸೊಸೆ ಎರಡು ಸಲ ಬಾಗಿಲ ಕಡೆ ನೋಡಿದಳು. ಅಧ್ಯಕ್ಷೆ ಗುಂಪಿನ ಪರವಾಗಿ ಚೌಕಾಸಿ ಮಾಡಿ ಅದನ್ನು ಚೀಲಕ್ಕೆ ಹಾಕಿಕೊಂಡೇ ಬಿಟ್ಟಳು.

ನಾವು ಬಸ್ಸು ಹತ್ತಿ ಕೂತಾಗ ಒಬ್ಬ ಮುದುಕಿ ಓಡಿಬಂದಳು. ತಲೆಯ ಮೇಲಿನ ಹಿಟ್ಟಿನ ಬುಟ್ಟಿಯನ್ನು ದಾರಿಯಲ್ಲೇ ಇಳಿಸಿ ಬಂದಿದ್ದಳು. ನಮ್ಮ ಕಿಟಕಿಯ ಕೆಳಗೆ ನಿಂತು ತನ್ನ ಭಾಷೆಯಲ್ಲಿ ಏನೇನೋ ಹೇಳಿದಳು. ಕುತ್ತಿಗೆಯ ಸುತ್ತ ಬೆರಳಿನಿಂದ ಹಕ್ಕಿಗಳನ್ನು ತೋರಿಸಿದಳು. ಎದೆ ಮುಟ್ಟಿಕೊಂಡಳು, ನೆಲ ತೋರಿಸಿದಳು. ಆಮೇಲೆ ಎರಡೂ ಕೈಯನ್ನು ಎದೆಯ ಮೇಲೆ ಅಡ್ಡಡ್ಡ ಇಟ್ಟು, ಕಣ್ಣು ಮುಚ್ಚಿ, ತಲೆಯನ್ನು ಹಿಂದಕ್ಕೆ ವಾಲಿಸಿ ಹಾಗೇ ನಿಂತಳು.

ನಮ್ಮ ಬಸ್ಸಿನ ಮಹಾತಾಯಿಯರು ಕರಗಿ ಹೋದರು. ಎಷ್ಟು ಪ್ರೀತಿಯಿಂದ ಬೀಳ್ಕೊಡುತ್ತಿದ್ದಾಳೆ ಅಂದರು. ಅವರೂ ಎದ್ದು ನಿಂತು, ಎದೆಯ ಮೇಲೆ ಕೈ ಅಡ್ಡ ಇಟ್ಟು, ಕಣ್ಣು ಮುಚ್ಚಿ ತಲೆ ವಾಲಿಸಿದರು. ಒಬ್ಬಳು ಫೋಟೋ ತೆಗೆದಳು. ಬಸ್ಸು ಹೊರಟಿತು.

ಮುದುಕಿ ಏನು ಹೇಳುತ್ತಿದ್ದಾಳೆಂದು ನನಗೆ ಗೊತ್ತಾಗಿತ್ತು. ನಮ್ಮವರಲ್ಲೂ ಸುಡುವುದಿಲ್ಲ, ಮಣ್ಣು ಮಾಡುವುದು. ನಮ್ಮವ್ವ ತನ್ನ ಮದುವೆಯ ಇಳಕಲ್ ಸೀರೆಯನ್ನು ಬೇರೆ ಗಂಟಿನಲ್ಲಿ ಕಟ್ಟಿಟ್ಟು, ಇದು ನನ್ನ ಮಣ್ಣಿಗೆ, ಯಾರೂ ಮುಟ್ಟಬ್ಯಾಡ್ರಿ ಅನ್ನುತ್ತಿದ್ದಳು. ಈ ಮುದುಕಿಯೂ ತನ್ನ ಸಾವಿಗೆಂದು ಎತ್ತಿಟ್ಟುಕೊಂಡಿದ್ದ ಕುಪ್ಪಸ ಅದು. ಸೊಸೆ ಯಾವ ಕಷ್ಟಕ್ಕೋ, ಯಾವ ಹೆದರಿಕೆಗೋ ಕೊಟ್ಟುಬಿಟ್ಟಿದ್ದಳು. ಬಸ್ಸು ನಿಲ್ಲಿಸಿ ಎಂದು ನಾನು ಕೂಗಬೇಕಿತ್ತು. ಸರಿಯಾಗಿ ಗೊತ್ತಿಲ್ಲದೆ ಹೇಗೆ ಹೇಳುವುದು, ರಾತ್ರಿ ಉಳಿಯುವ ಊರಲ್ಲಿ ಹೇಳಿದರಾಯಿತು ಅಂದುಕೊಂಡು ಸುಮ್ಮನಿದ್ದೆ. ಆ ಊರಲ್ಲೂ ಹೇಳಲಿಲ್ಲ. ಆದರೆ ಆ ಮುದುಕಿ ಇರುವಾಗಲೇ ಕುಪ್ಪಸ ಅವಳ ಮನೆಗೆ ತಿರುಗಿ ಹೋಗಬೇಕು ಎಂದು ಅಂದೇ ಗಟ್ಟಿಯಾಗಿ ನಿಶ್ಚಯಿಸಿದೆ.

ವಿಮಾನದಲ್ಲಿ ಅಧ್ಯಕ್ಷೆ ನನ್ನ ಪಕ್ಕ ಬಂದು ಕೂತಳು. ಮುಂದಿನ ಪ್ರವಾಸ ನಿಮ್ಮ ಕರ್ನಾಟಕಕ್ಕೇ ಹೋಗೋಣ, ಇಳಕಲ್ ಮಗ್ಗ, ಧಾರವಾಡದ ಕಸೂತಿ ನೋಡೋಣ, ಮುಂದಾಳು ನೀನೇ ಅಂದಳು. ಇವರೆಲ್ಲ ಟೋಪಿ ಹಾಕಿಕೊಂಡು ನನ್ನ ಹಿಂದೆ ಹಿಂದೆ ನಮ್ಮ ಓಣಿಯಲ್ಲಿ ನಡೆಯುವುದು ನನ್ನ ಕಣ್ಣಿಗೆ ಕಟ್ಟಿತು. ಆ ಮಾತು ಆಡಿದವಳ ಮುಂದೆ ಕೂಡಲೇ ಕುಪ್ಪಸದ ಮಾತು ಎತ್ತಲು ನನಗೆ ಮನಸ್ಸಾಗಲಿಲ್ಲ. ಮನೆಗೆ ಬಂದವಳೇ ಅವ್ವನಿಗೆ ಫೋನ್ ಮಾಡಿ, ಮುಂದಿನ ಪ್ರವಾಸಕ್ಕೆ ಮುಂದಾಳು ನಾನೇ ಎಂದು ಹೇಳಿದೆ. ಇಲ್ಲಿನ ಕನ್ನಡದವರ ಯುಗಾದಿ ಊಟದಲ್ಲಿ ಯಾರೂ ಕೇಳದಿದ್ದರೂ ಹೇಳಿದೆ. ಮುದುಕಿಯ ಸಂಗತಿಯನ್ನು ಮನೆಯಲ್ಲಿ ಮಾತ್ರ ಹೇಳಿದೆ. ಗಂಡ, ನಾಳೇನ ಅವರಿಗೆ ಹೇಳು ಅಂದ. ಹತ್ತನೇ ಕ್ಲಾಸಿನ ಮಗಳು ಫೋನಿನಿಂದ ತಲೆ ಎತ್ತದೆ, "ಮಮ್, ಜಸ್ಟ್ ಟೆಲ್ ದೆಮ್," ಅಂದಳು. ಇವರಿಗೇನು, ಹೇಳುವುದು ಸುಲಭ ಎಂದು ಇಬ್ಬರ ಮೇಲೂ ರೇಗಿದೆ.

ಎರಡು ತಿಂಗಳು ಹೀಗೇ ಕಳೆಯಿತು. ಪ್ರವಾಸದಿಂದ ತಂದದ್ದನ್ನೆಲ್ಲ ಊರವರಿಗೆ ತೋರಿಸುವ ಪ್ರದರ್ಶನ ಗೊತ್ತಾಯಿತು. ಅದಕ್ಕೆ ಮೊದಲಿನ ಶನಿವಾರದ ಸಭೆಯಲ್ಲಿ ಅಧ್ಯಕ್ಷೆ ಮುದುಕಿಯ ಫೋಟೋವನ್ನು ದೊಡ್ಡದಾಗಿ ಅಚ್ಚು ಹಾಕಿಸಿ ತಂದಳು. ಎದೆಯ ಮೇಲೆ ಕೈ, ಮುಚ್ಚಿದ ಕಣ್ಣು. ಕುಪ್ಪಸದ ಪಕ್ಕ ಅದನ್ನು ನೇತುಹಾಕುವುದೆಂದೂ, ಕೆಳಗೆ 'ನಮಗೆ ಕೃತಜ್ಞತೆ ಸಲ್ಲಿಸುತ್ತಿರುವ ನೇಕಾರ್ತಿ' ಎಂದು ನಾನು ಬರೆಯಬೇಕೆಂದೂ ಹೇಳಿದಳು. ಪೆನ್ನು ಕೈಯಲ್ಲಿತ್ತು. ಬರೆಯಲು ಆಗಲಿಲ್ಲ. ಹೇಳಿಬಿಟ್ಟೆ. ಅವಳು ಬಂದದ್ದು ಬೀಳ್ಕೊಡುವುದಕ್ಕಲ್ಲ, ಅದು ಅವಳು ತನ್ನ ಮಣ್ಣಿಗೆಂದು ಇಟ್ಟುಕೊಂಡಿದ್ದು, ತಿರುಗಿ ಕೇಳುತ್ತಿದ್ದಳು ಅಂದೆ.

ನಾಚಿಕೆಯಿಂದ ತಲೆ ತಗ್ಗಿಸುತ್ತಾರೆ ಅಂದುಕೊಂಡಿದ್ದೆ. ಎಲ್ಲಿ? ಟಿಶ್ಯೂ ಡಬ್ಬಿ ಕೈಯಿಂದ ಕೈಗೆ ಹೋಯಿತು. ಅಯ್ಯೋ ಎಷ್ಟು ಸುಂದರವಾದ ನಂಬಿಕೆ ಅಂದಳೊಬ್ಬಳು. ಮೈ ಜುಮ್ಮೆಂದಿತು ಅಂದಳು ಇನ್ನೊಬ್ಬಳು. ಅಧ್ಯಕ್ಷೆ ಕಣ್ಣೊರೆಸಿಕೊಂಡು, ಇಂಥ ಕಥೆಯಿದ್ದರೆ ವಸ್ತುವಿಗೆ ಜೀವ ಬರುತ್ತದೆ ಎಂದಳು. ಬರಹ ಬದಲಿಸು ಅಂದಳು. 'ಅಂತಿಮ ಯಾತ್ರೆಯ ಉಡುಪು' ಎಂದು ದೊಡ್ಡ ಅಕ್ಷರದಲ್ಲಿ ಬರೆ, ಪ್ರದರ್ಶನದ ನಟ್ಟನಡುವೆ ಅದೇ ಇರಲಿ ಅಂದಳು. ಹೆಣದ ಬಟ್ಟೆ ಕಿತ್ತುಕೊಂಡು ಬಂದವರಿಗೆ ಅದು ಹೆಣದ ಬಟ್ಟೆ ಎಂದು ಗೊತ್ತಾದ ಮೇಲೆ ಇನ್ನೂ ರುಚಿಸಿತು. ಕೇಕು ಕೂಡ ಬಂತು.

ಆಗ ಗಂಟಿನಮ್ಮ ತಟ್ಟೆ ಕೆಳಗಿಟ್ಟಳು. ಅವಳ ತುಟಿಯ ಪಕ್ಕ ಕೇಕಿನ ಪುಡಿ ಮೆತ್ತಿಕೊಂಡಿತ್ತು.

"ಅದನ್ನು ಅವಳಿಗೆ ವಾಪಸ್ ಕಳಿಸಬೇಕು ಎಂದು ನಾನು ಸೂಚಿಸುತ್ತೇನೆ," ಅಂದಳು.

ಕುಪ್ಪಸ ಗುಂಪಿನ ಸ್ವತ್ತಾದ್ದರಿಂದ ನಿಯಮದ ಪ್ರಕಾರವೇ ಹೋಗಬೇಕಿತ್ತು. ಒಬ್ಬರು ಸೂಚಿಸಬೇಕು, ಇನ್ನೊಬ್ಬರು ಅನುಮೋದಿಸಬೇಕು, ಆಮೇಲೆ ಕೈ ಎತ್ತಬೇಕು. ಚಹಾಪುಡಿ ಬದಲಿಸಲಿಕ್ಕೂ ಈ ಹೆಂಗಸರು ಹೀಗೇ ಮಾಡುತ್ತಿದ್ದರು. ಕಳಿಸುವುದು ಕಷ್ಟವೇನೂ ಇರಲಿಲ್ಲ. ಆ ಹಳ್ಳಿಗೆ ನಮ್ಮನ್ನು ಕರೆದೊಯ್ದವರ ವಿಳಾಸ ನನ್ನ ಫೈಲಿನಲ್ಲೇ ಇತ್ತು. ಅಧ್ಯಕ್ಷೆ ಕನ್ನಡಕದ ಮೇಲಿಂದ ಎಲ್ಲರನ್ನೂ ನೋಡಿ ಕೇಳಿದಳು:

"ಅನುಮೋದಿಸುವವರು ಯಾರಾದರೂ ಇದ್ದೀರಾ?"

ಒಬ್ಬಳು ಸೂಜಿಗೆ ದಾರ ಪೋಣಿಸುವಂತೆ ನಟಿಸಿದಳು. ಗಂಟಿನಮ್ಮ ಬೇರೆ ಯಾರನ್ನೂ ನೋಡಲಿಲ್ಲ, ನನ್ನನ್ನೇ ನೋಡಿದಳು. ಅವಳ ಮುಖದಲ್ಲಿ ಆಪಾದನೆ ಇರಲಿಲ್ಲ. ನಾನು ಅನುಮೋದಿಸಿಯೇ ತೀರುತ್ತೇನೆ ಎಂದು ಅವಳು ನಂಬಿದ್ದಳು. ಅಧ್ಯಕ್ಷೆಯೂ ನನ್ನನ್ನೇ ನೋಡಿದಳು. ಆ ನೋಟದಲ್ಲಿ ಧಾರವಾಡವಿತ್ತು, ನಮ್ಮ ಓಣಿ ಇತ್ತು, ನನ್ನ ಹಿಂದೆ ಸಾಲಾಗಿ ಬರುವ ಟೋಪಿಗಳಿದ್ದವು. ನಾನು ಹೇಳಬೇಕಾದದ್ದನ್ನು ಹೇಳಿಯಾಗಿದೆ, ಇನ್ನು ಬೇರೆ ಯಾರಾದರೂ ಬಾಯಿ ಬಿಡಲಿ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ನಡಾವಳಿ ಪುಸ್ತಕದ ಮೇಲೆ ತಲೆ ಬಗ್ಗಿಸಿದೆ. ಅಧ್ಯಕ್ಷೆ ಮತ್ತೊಮ್ಮೆ ಕೇಳಿದಳು. ಅನುಮೋದಕರಿಲ್ಲದ ಕಾರಣ ಸೂಚನೆ ಬಿದ್ದುಹೋಯಿತು ಎಂದಳು. ಅದನ್ನು ನಾನು ಚೆಂದದ ಅಕ್ಷರದಲ್ಲಿ ಬರೆದುಕೊಂಡೆ.

ಗಂಟಿನಮ್ಮ ತನ್ನ ತಟ್ಟೆ ತೊಳೆದಿಟ್ಟು, ಎಲ್ಲರಿಗೂ ಹೋಗಿಬರುತ್ತೇನೆ ಎಂದು ಹೇಳಿ ಹೊರಟಳು. ಮತ್ತೆ ಬರಲಿಲ್ಲ. ಕರ್ನಾಟಕದ ಪ್ರವಾಸವೂ ಆಗಲಿಲ್ಲ. ಅಧ್ಯಕ್ಷೆ ಮೊಣಕಾಲಿನ ಆಪರೇಷನ್ ಮಾಡಿಸಿಕೊಂಡಳು, ಆಮೇಲೆ ಆ ಮಾತನ್ನೇ ಎತ್ತಲಿಲ್ಲ.

ಆ ಸಭೆಯ ದಿನ ಸಂಜೆ ನಾನು ಮನೆಗೆ ಬಂದಾಗ ಗಂಡ ರೊಟ್ಟಿಗೆ ಹಿಟ್ಟು ನಾದುತ್ತಿದ್ದ. ಕೈ ತೊಳೆಯದೆಯೇ ಬಾಗಿಲಿಗೆ ಬಂದ.

"ಹೇಳಿದೇನು?"

"ಹೇಳಿದೆ."

"ಕಳಸ್ತಾರಂತೇನು?"

"ಇಲ್ಲಂತ. ಯಾರೂ ಒಪ್ಪಲಿಲ್ಲ."

"ನಾ ಮೊದಲ ಹೇಳಿದ್ದೆ," ಅಂದ. "ಅವರು ಅಂಥಾ ಮಂದಿನ."

"ಹೌದು," ಅಂದೆ. "ಅಂಥಾ ಮಂದಿನ."