ಗೂಟ ಕಿತ್ತುಕೊಂಡು ಹೋದ ನಾಯಿ

ಆಗ ನನಗೆ ಅರವತ್ತೆಂಟು. ನಾಲ್ಕು ವರ್ಷದ ಹಿಂದಿನ ಮಾತು. ಅರವತ್ತೆಂಟು ಎನ್ನುವುದು ವೋಟಿನ ಕಾರ್ಡಿನ ಲೆಕ್ಕ, ನಮ್ಮವ್ವನ ಲೆಕ್ಕದಲ್ಲಿ ಇನ್ನೂ ಒಂದೆರಡು ಹೆಚ್ಚು. ಆ ವಯಸ್ಸಿನಲ್ಲಿ ನನ್ನನ್ನು ಕಾಡಿನ ಮಗ್ಗುಲಲ್ಲಿ ಟೆಂಟಿನೊಳಗೆ ಮಲಗಿಸಲು ಕರೆದುಕೊಂಡು ಹೋದರು. ನನ್ನ ಮೇಲಿನ ಪ್ರೀತಿಗಲ್ಲ. ನಾನು ಹಾಕದಿದ್ದರೆ ನಾಯಿ ಉಣ್ಣುವುದಿಲ್ಲ, ಅದಕ್ಕೆ.

ನಾಯಿ ಮಗಳದು. ದಾಂಡೇಲಿಯಲ್ಲಿ ಮಗಳು, ಅಳಿಯ, ನಾನು ಒಂದೇ ಮನೆಯಲ್ಲಿದ್ದೇವೆ. ಅಳಿಯ ಕಾಗದದ ಕಾರ್ಖಾನೆಗೆ ಹೋಗುತ್ತಾನೆ. ಅವನು ಹೊರಗಿನವನಲ್ಲ. ಹಳಿಯಾಳ ಕಡೆ ಹೊಲ ಮಾಡುವ ನನ್ನ ಅಣ್ಣನ ಮಗನೇ. ಮೂಗು ಸೋರುವ ಕಾಲದಿಂದ ನಾನು ನೋಡಿದವನು, ಹಾಗಾಗಿ ನಮ್ಮಿಬ್ಬರಲ್ಲಿ ಅತ್ತೆ ಅಳಿಯನ ಬಿಗುಮಾನ ಇಲ್ಲ. ನಾಯಿ ಕಂದು ಬಣ್ಣದ್ದು. ಒಂದು ಕಿವಿ ನಿಂತಿದೆ, ಒಂದು ಬಿದ್ದಿದೆ. ಮಗಳು ಅದಕ್ಕೆ ಇಂಗ್ಲಿಷ್ ಹೆಸರಿಟ್ಟಿದ್ದಾಳೆ. ನನ್ನ ನಾಲಿಗೆ ಅದಕ್ಕೆ ಹೊರಳುವುದಿಲ್ಲ. ನಾನು ನಾಯಿ ಎಂದೇ ಕರೆಯುತ್ತೇನೆ. ಅದಕ್ಕೂ ಬರುತ್ತದೆ.

ನಾನು ಅದರ ತಲೆ ಸವರಿದವಳಲ್ಲ. ಮಗಳು ಸವರುತ್ತಾಳೆ, ಬಿಸ್ಕಿಟು ಕೊಡುತ್ತಾಳೆ, ಹಾಸಿಗೆಯ ಮೇಲೂ ಮಲಗಿಸಿಕೊಳ್ಳುತ್ತಾಳೆ. ಅಡುಗೆಮನೆ ಮಾತ್ರ ನನ್ನದು. ಅದರ ಹೊಸ್ತಿಲನ್ನು ನಾಯಿ ದಾಟಬಾರದು, ದಾಟುವುದಿಲ್ಲ. ನಾನು ರೊಟ್ಟಿ ಬಡಿಯಲು ಶುರು ಮಾಡಿದ ಸಪ್ಪಳಕ್ಕೆ ಎಲ್ಲಿದ್ದರೂ ಬಂದು ಹೊಸ್ತಿಲ ಆಚೆ ಕೂರುತ್ತದೆ. ಹಂಚಿನಿಂದ ಇಳಿದ ಮೊದಲ ರೊಟ್ಟಿಯನ್ನು ನಮ್ಮಲ್ಲಿ ಮನುಷ್ಯರು ತಿನ್ನುವುದಿಲ್ಲ. ಊರಲ್ಲಿ ಆಕಳಿಗೆ ಹಾಕುತ್ತಿದ್ದೆವು. ದಾಂಡೇಲಿಯ ಎರಡು ಕೋಣೆಯ ಮನೆಯಲ್ಲಿ ಆಕಳು ಎಲ್ಲಿಂದ ಬರಬೇಕು? ನಾಯಿಗೆ ಹಾಕುತ್ತೇನೆ. ಇಷ್ಟೇ ನಮ್ಮಿಬ್ಬರ ಸಂಬಂಧ.

ಒಮ್ಮೆ ಮುಂಡಗೋಡದ ಕಡೆ, ಪಾಳಾದಲ್ಲಿರುವ ತಂಗಿಯ ಮನೆಗೆ ಹೋಗಿದ್ದೆ. ಹೋಗಿ ಎರಡು ದಿನ ಆಗಿತ್ತೋ ಇಲ್ಲವೋ, ಅಳಿಯ ಬೈಕಿನ ಮೇಲೆ ಬಂದು ಅಂಗಳದಲ್ಲಿ ನಿಂತ. ಯಾರೋ ಸತ್ತರು ಅಂದುಕೊಂಡೆ.

"ಅತ್ತಿ, ನಾಯಿ ಉಪವಾಸ ಕುಂತೈತಿ. ನಡಿ."

"ನಿನ್ನ ಹೇಣ್ತಿ ರೊಟ್ಟಿ ಹಾಕಲಿಲ್ಲೇನ?"

"ಹಾಕಿದ್ಳು. ಮೂಸಿ ನೋಡಿ ಮಕ ತಿರುವಿತು. ನನಗೂ ಹಂಗ ಮಾಡಬೇಕನಸ್ತೈತಿ, ಆದ್ರ ನನ್ನ ಯಾರು ಕೇಳ್ತಾರ?"

ನನ್ನ ತಂಗಿ ಆ ಮಾತನ್ನು ಇಂದಿಗೂ ಹೇಳಿಕೊಂಡು ನಗುತ್ತಾಳೆ.

ಟೆಂಟಿನ ಹುಚ್ಚು ಮಗಳದು. ಫೋನಿನಲ್ಲಿ ನೋಡಿದ್ದಳು, ಯಾರೋ ಹಳ್ಳದ ದಂಡೆಯಲ್ಲಿ ಟೆಂಟು ಹಾಕಿ, ಚಹಾ ಕುಡಿಯುತ್ತ, ನಾಯಿಯನ್ನು ಪಕ್ಕಕ್ಕೆ ಕೂರಿಸಿಕೊಂಡದ್ದು. ದಸರೆ ಆಗಿತ್ತು, ಮಳೆ ಮುಗಿಯಿತು ಎಂದು ಎಲ್ಲರೂ ಅಂದುಕೊಂಡಿದ್ದರು. ಅಳಿಯ ಜೊತೆಯವರೊಬ್ಬರಿಂದ ಟೆಂಟು ತಂದ, ಇನ್ನೊಬ್ಬರಿಂದ ವ್ಯಾನು ತಂದ. ಜೋಯಿಡಾ ದಾಟಿ ಕುಂಬಾರವಾಡದ ಹತ್ತಿರ ಅವನ ಪರಿಚಯದವರ ಗದ್ದೆ ಇದೆ, ಅಲ್ಲಿ ಮಲಗುವುದು.

"ಮನಿ ಇದ್ದಾವ್ರು ಹೊಲದಾಗ ಯಾಕ ಮಲಗಬೇಕು?" ಎಂದೆ. ನಾನು ಪ್ರಾಯದಲ್ಲಿ ಹೊಲದಲ್ಲಿ ಮಲಗಿದ್ದೇನೆ. ಅದು ಬೆಳೆಗೆ ಹಂದಿ ಬೀಳದ ಹಾಗೆ ಕಾಯಲು.

"ಮಜಾ ಇರ್ತೈತಿ ಯವ್ವಾ," ಎಂದಳು ಮಗಳು.

ನಾನು ಜೋಳದ ಹಿಟ್ಟು, ಹಂಚು, ಅಗಲ ತಟ್ಟೆಯಂಥ ಪರಾತ, ಒಣ ಚಟ್ನಿ ಕಟ್ಟಿಕೊಂಡೆ. ಅಳಿಯ ಗಂಟು ಎತ್ತಿ ನೋಡಿ, "ಅತ್ತಿ, ಒಂದ ರಾತ್ರಿಗಿ ಹೊಂಟೇವಿ. ನೀ ಸಂಸಾರ ಹೂಡಾಕ ಹೊಂಟೀಯಲಾ," ಎಂದ. ಅಲ್ಲಿಯವರು ಅನ್ನ ಮೀನು ಉಣ್ಣುವವರು, ಜೋಳದ ಹಿಟ್ಟನ್ನು ನನಗೆ ಯಾರು ಕೊಡುತ್ತಾರೆ? ಗಂಟು ಇಸಿದುಕೊಂಡು ವ್ಯಾನು ಹತ್ತಿದೆ.

ಗದ್ದೆಯವಳು ಕೊಂಕಣಿ ಮಾತಾಡುವ ಹೆಂಗಸು, ನನಗಿಂತ ಸಣ್ಣವಳು. ನನ್ನನ್ನು ಮಾವಶಿ ಎಂದಳು. ಅವರಲ್ಲಿ ಚಿಕ್ಕವ್ವನಿಗೆ ಹಾಗೆ ಅನ್ನುತ್ತಾರಂತೆ. ಭತ್ತ ತೆನೆ ಕಟ್ಟಿತ್ತು. ಗದ್ದೆಯ ಆಚೆ ಕಾಡು, ಈಚೆ ಅವಳ ಮನೆ. ಮನೆಯ ಎದುರಿನ ದಿಬ್ಬದಲ್ಲಿ ಟೆಂಟಿಗೆ ಜಾಗ ತೋರಿಸಿದಳು. ನಾಯಿಯನ್ನು ನೋಡಿದ ಕೂಡಲೇ ಅವಳ ಮುಖ ಬದಲಾಯಿತು.

"ಇದನ್ನ ಕತ್ತಲಾದ ಮ್ಯಾಲೆ ಹೊರಗ ಬಿಡಬ್ಯಾಡ್ರಿ ಮಾವಶಿ. ಚಿರತಿ ಬರ್ತದ. ನಮ್ಮ ಎರಡು ನಾಯಿ ಹೋದವು. ಒಂದನ್ನಂತೂ ಅಂಗಳದಿಂದಲೇ ಒಯ್ದದ."

ಮಗಳು ನಾಯಿಯನ್ನು ಎದೆಗೆ ಒತ್ತಿಕೊಂಡಳು. ನಮ್ಮ ಜೊತೆ ಟೆಂಟಿನೊಳಗೇ ಮಲಗುತ್ತದೆ ಎಂದಳು. ಅಲ್ಲಿಗೆ ಆ ಮಾತು ಮುಗಿಯಿತು.

ಟೆಂಟು ನಿಲ್ಲಿಸುವಷ್ಟರಲ್ಲಿ ಮಳೆ ಬಂತು. ಚಿತ್ತಿ ಮಳೆ, ಹೇಳಿ ಕೇಳಿ ಬರುವುದಿಲ್ಲ. ಮೂವರೂ ಒಳಗೆ ಹೋಗಿ ಬಾಗಿಲಿನ ಚೈನು ಎಳೆದುಕೊಂಡೆವು. ಮೊಣಕಾಲು ಮಡಚಿದರೆ ಅಳಿಯನ ಬೆನ್ನು ತಾಗುತ್ತದೆ, ಚಾಚಿದರೆ ನಾಯಿ. ಮೇಲಿನಿಂದ ಸೋರಲಿಲ್ಲ, ನಿಜ ಹೇಳಬೇಕು. ಕೆಳಗಿನಿಂದ ನೀರು ಬಂತು.

"ಮಜಾ ಎಲ್ಲೈತಿ?" ಎಂದು ಕೇಳಿದೆ. ಮಗಳು ನಾಯಿಯನ್ನು ತೊಡೆಯ ಮೇಲೆ ಎತ್ತಿಕೊಂಡಳು.

ಆ ನಾಯಿಗೆ ಒಂದು ಚಾಳಿ ಇದೆ. ಮಳೆಯಲ್ಲಿ ಉಚ್ಚೆ ಹೊಯ್ಯುವುದಿಲ್ಲ. ದಾಂಡೇಲಿಯಲ್ಲಿ ಮಳೆಗಾಲ ಪೂರ್ತಿ ಮಗಳು ಅದರ ಮೇಲೆ ಛತ್ರಿ ಹಿಡಿದು ಓಣಿಯಲ್ಲಿ ತಿರುಗುತ್ತಾಳೆ. ಇಲ್ಲಿಯೂ ಕುಂಯ್ ಕುಂಯ್ ಅನ್ನತೊಡಗಿತು. ಮಗಳ ಕಾಲು ಜೋಮು ಹಿಡಿದಿತ್ತು.

"ಯವ್ವಾ, ನೀ ಬಾಗಲ್ದಾಗ ಅದಿ. ಒಂದ ಈಟ ಛತ್ರಿ ಹಿಡಿ."

"ನಾಯಿಗಿ ಛತ್ರಿ ಹಿಡೀಲಿಕ್ಕೆ ಅದೇನ ಮದುಮಗ ಐತೇನ? ನಾ ಒಲ್ಲೆ."

ಕಡೆಗೆ ಅಳಿಯ ಎದ್ದ. ಮಳೆ ಒಂದಿಷ್ಟು ಸಣ್ಣಗಾದಾಗ ನಾಯಿಯನ್ನು ಹೊರಗೆ ಒಯ್ದು, ಹಗ್ಗವನ್ನು ಟೆಂಟಿನ ಗೂಟಕ್ಕೆ ಕಟ್ಟಿ ಬೀಡಿ ಹಚ್ಚಿದ. ಒಕ್ಕಲುತನದ ಮನೆಯ ಮಗ. ಗೂಟ ಕಂಡರೆ ಅದಕ್ಕೆ ದನ ಕಟ್ಟುವುದು ಅವನ ಕೈಗೆ ಗೊತ್ತು. ಆ ಕಬ್ಬಿಣದ ಗೂಟ ನನ್ನ ಗೇಣಿನಷ್ಟಿತ್ತು, ಬೆರಳಿನಷ್ಟು ದಪ್ಪ, ನೆಲವೋ ಅಂಬಲಿಯಂತಾಗಿತ್ತು.

ಗಾಳಿ ಬಂತು. ಟೆಂಟಿನ ಆ ಮೂಲೆ ಪಟಪಟ ಬಡಿದುಕೊಂಡಿತು. ನಾಯಿ ಹೆದರಿ ಜಗ್ಗಿತು. ಗೂಟ ಕಿತ್ತು ಬಂತು, ಟೆಂಟು ನನ್ನ ತಲೆಯ ಮೇಲೆ ಕೂತಿತು. ಗೂಟ ತನ್ನ ಹಿಂದೆಯೇ ಹಾರಿ ಬರುತ್ತಿರುವುದನ್ನು ಕಂಡು ನಾಯಿ ಇನ್ನೂ ಹೆದರಿ ಓಡಿತು. ನಾವು ಬಟ್ಟೆಯಡಿಯಿಂದ ಹೊರಗೆ ಬರುವಷ್ಟರಲ್ಲಿ ಗದ್ದೆಯ ನಡುವೆ ಭತ್ತ ಅಲ್ಲಾಡುವುದು ಕಂಡಿತು. ಆಮೇಲೆ ಅದೂ ನಿಂತಿತು. ಆಚೆ ಕಾಡು.

ಆಗಿನ್ನೂ ಬೆಳಕಿತ್ತು. ಮಗಳು, ಅಳಿಯ ಗದ್ದೆಯ ಬದುವಿನ ಮೇಲೆ ಓಡಿದರು. ಗದ್ದೆಯವಳೂ ತಲೆಗೆ ಗೊಬ್ಬರದ ಚೀಲದ ಕೊಪ್ಪೆ ಹಾಕಿಕೊಂಡು ಹೋದಳು. ಮಗಳು ಆ ಇಂಗ್ಲಿಷ್ ಹೆಸರನ್ನು ಕೂಗಿದ್ದೇ ಕೂಗಿದ್ದು. ಮಳೆ ಮತ್ತೆ ಜೋರಾಯಿತು, ಕೂಗು ಗದ್ದೆ ದಾಟುತ್ತಿರಲಿಲ್ಲ. ನಾನು ಬದುವಿನ ಮೊದಲಲ್ಲಿ ನಿಂತಿದ್ದೆ, ಆ ಕೆಸರಿನಲ್ಲಿ ನನ್ನ ಕಾಲು ನಡೆಯುವುದಿಲ್ಲ. ಹಗ್ಗ ಎಲ್ಲಿಯಾದರೂ ಪೊದೆಗೆ ಸಿಕ್ಕಿಕೊಂಡಿದ್ದರೆ ನಾಯಿ ನಿಂತಲ್ಲೇ ನಿಂತಿರುತ್ತದೆ, ಚಿರತೆಗೆ ಕಟ್ಟಿಕೊಟ್ಟ ಹಾಗೆ. ಇದು ನನಗೆ ತಿಳಿದಿತ್ತು. ಮಗಳಿಗೂ ತಿಳಿದಿತ್ತು.

ದೀಪ ಹಚ್ಚುವ ಹೊತ್ತಿಗೆ ಗದ್ದೆಯವಳು ಅವರಿಬ್ಬರನ್ನೂ ತಿರುಗಿಸಿಕೊಂಡು ಬಂದಳು. "ಇನ್ನ ಕಾಡಿನೊಳಗ ಹೋಗೂದು ಬ್ಯಾಡ. ನಾಯಿ ಹುಡುಕಾಕ ಹೋಗಿ ಮನಷಾರು ಹೋಗಬಾರದು," ಎಂದಳು. ತನ್ನ ಜಗಲಿಯಲ್ಲಿ ಜಾಗ ಮಾಡಿಕೊಟ್ಟಳು. ಜಗಲಿಯ ಮೂಲೆಯಲ್ಲಿ ಒಂದು ಒಲೆ ಇತ್ತು, ಸ್ನಾನದ ನೀರು ಕಾಯಿಸುವುದು.

ಮಗಳು ಗಂಡನಿಗೆ ಬಾಯಿ ಬಿಟ್ಟಳು. "ಕಟ್ಟಾಕ ಗಿಡ ಇರಲಿಲ್ಲಾ? ಅಷ್ಟ ದೊಡ್ಡ ಕಾಡ ಐತಿ, ಗಿಡ ಸಿಗಲಿಲ್ಲ ನಿಮಗ?" ಅವನು ತಲೆ ತಗ್ಗಿಸಿ ಒದ್ದೆ ಬೀಡಿ ಕಟ್ಟನ್ನು ಹಿಂಡುತ್ತಿದ್ದ. ಜಗಳ ಬೆಳೆದು ಟೆಂಟಿಗೆ ಹೋಯಿತು, ಟೆಂಟಿನಿಂದ ಫೋನಿಗೆ, ಫೋನಿನಿಂದ ಅವನ ತಂಗಿಯ ಮದುವೆಗೆ.

"ಸಾಕ ಬಿಡ್ರಿ," ಎಂದೆ. "ಹೋತು ಅಂತ ತಿಳೀರಿ. ಉಣ್ಣೂದರ ಮಾಡೂಣು."

ಮಗಳು ನನ್ನ ಕಡೆ ತಿರುಗಿದಳು. "ನಿನಗ ಕರುಳ ಐತೇನ ಯವ್ವಾ? ಅದು ನಿನ್ನ ಸಲುವಾಗಿ ಉಪವಾಸ ಕುಂತಿತ್ತು."

ಒಲೆ ಹಚ್ಚಿದೆ. ಕಟ್ಟಿಗೆ ಹಸಿ, ಹೊಗೆ ಕಣ್ಣಿಗೆ ಬಂತು. ಬಿಸಿ ನೀರು ಹಾಕಿ ಹಿಟ್ಟು ನಾದಿದೆ. ಕೈ ಸುಮ್ಮನಿದ್ದರೆ ನನಗೆ ಆಗುವುದಿಲ್ಲ. ರೊಟ್ಟಿ ಬಡಿಯಲು ಹಲಗೆ ಇರಲಿಲ್ಲ, ಪರಾತವನ್ನೇ ಬೋರಲು ಹಾಕಿ ಅದರ ಮೇಲೆ ಬಡಿದೆ. ಟೊಳ್ಳು ಪರಾತ, ಸಪ್ಪಳವೋ ಸಪ್ಪಳ. ಗದ್ದೆಯವಳು ಒಳಗಿನಿಂದ ಇಣುಕಿ, "ಇದೇನು ಮಾವಶಿ, ಡೊಳ್ಳು ಬಾರಿಸ್ತೀರಿ?" ಎಂದಳು. ಅವಳು ಜೋಳದ ರೊಟ್ಟಿ ಮಾಡುವುದನ್ನು ಹತ್ತಿರದಿಂದ ನೋಡಿರಲಿಲ್ಲ. ಅಲ್ಲೇ ಕುಕ್ಕರುಗಾಲಿನಲ್ಲಿ ಕೂತಳು.

ಮೊದಲ ರೊಟ್ಟಿ ಬೆಂದಿತು. ಹಂಚಿನಿಂದ ತೆಗೆದು ಬದಿಗಿಟ್ಟೆ. ಅಳಿಯ ಹಸಿದಿದ್ದ, ಕೈ ಚಾಚಿದ. ಅವನ ಕೈ ಮೇಲೆ ಹೊಡೆದೆ. ಹೊಡೆದ ಮೇಲೆ ನೆನಪಾಯಿತು, ತಿನ್ನುವವರು ಇಲ್ಲ ಎಂದು. ಆದರೂ ತೆಗೆದುಕೋ ಎನ್ನಲು ಬಾಯಿ ಬರಲಿಲ್ಲ. ಮಗಳು ಅದನ್ನು ನೋಡಿ ಸೆರಗು ಬಾಯಿಗೆ ಒತ್ತಿಕೊಂಡಳು. ನಾನು ಎರಡನೆಯದು ಬಡಿದೆ. ಮೂರನೆಯದು ಬಡಿದೆ. ಬೇಕಾದದ್ದಕ್ಕಿಂತ ಜೋರಾಗಿ ಬಡಿದೆ. ಸಿಟ್ಟಿತ್ತು, ಯಾರ ಮೇಲೆ ಎಂದು ಕೇಳಬೇಡಿ.

ಮೊದಲು ಕೇಳಿದ್ದು ಗದ್ದೆಯವಳಿಗೆ. "ಶ್!" ಎಂದಳು. ಅಂಗಳದ ಕಲ್ಲಿನ ಮೇಲೆ ಕಬ್ಬಿಣ ತಾಗಿದ ಸದ್ದು. ಟಿಣ್, ಟಿಣ್. ಗೂಟ.

ಮೈತುಂಬ ಕೆಸರು, ಮೂಗಿನ ಮೇಲೆ ಗೀರು, ಹಿಂದೆ ಹಗ್ಗ, ಹಗ್ಗದ ತುದಿಯಲ್ಲಿ ಗೂಟ. ಬಂದದ್ದು ಒಳಗೆ ಬರಲಿಲ್ಲ. ಜಗಲಿಗೆ ಹೊಸ್ತಿಲು ಇಲ್ಲ, ಆದರೆ ಒಲೆ ಇದೆ, ನಾನು ರೊಟ್ಟಿ ಬಡಿಯುತ್ತಿದ್ದೇನೆ. ಅದರ ಲೆಕ್ಕಕ್ಕೆ ಇದೂ ಅಡುಗೆಮನೆ. ಸೂರಿನ ನೀರು ಬೀಳುವ ಗೆರೆಯ ಆಚೆ, ಮಳೆಯಲ್ಲೇ, ಬಾಲ ಮುದುರಿ ಕೂತುಕೊಂಡಿತು. ಮಳೆ ಕಂಡರೆ ಆಗದ ನಾಯಿ.

ಮಗಳು ಹೆಸರು ಕೂಗುತ್ತ ಓಡಿಹೋಗಿ ಕೆಸರಿನ ಸಮೇತ ತಬ್ಬಿಕೊಂಡಳು. ಅದು ಅವಳ ತೋಳಿನ ಸಂದಿಯಿಂದ ನನ್ನನ್ನೇ ನೋಡುತ್ತಿತ್ತು. ನನ್ನನ್ನಲ್ಲ, ರೊಟ್ಟಿಯನ್ನು.

"ಒಳಗ ಬಾರಲೇ," ಎಂದೆ. ಬರಲಿಲ್ಲ. "ಬಾ ಅಂದ್ನಿ." ಬರಲಿಲ್ಲ. ನಾನೇ ಕಲಿಸಿದ್ದು, ಯಾರಿಗೆ ಬೈಯಲಿ? ಮೊಣಕಾಲು ಹಿಡಿದುಕೊಂಡು ಎದ್ದು, ರೊಟ್ಟಿಯನ್ನು ಅದರ ಮುಂದೆ ಹಿಡಿದೆ. ಕಚ್ಚಿಕೊಂಡ ಮೇಲೆ ಕಾಲಿನಿಂದ ಮೆಲ್ಲಗೆ ಹಿಂದಿನಿಂದ ದೂಡಿ ಜಗಲಿಯೊಳಗೆ ಹಾಕಿದೆ. ಒಲೆಯ ಹತ್ತಿರ ಕೂತು ತಿಂದಿತು. ಆಮೇಲೆ ಮೈ ಕೊಡವಿ ನನ್ನ ಉಳಿದ ಹಿಟ್ಟಿಗೆಲ್ಲ ಕೆಸರು ಸಿಡಿಸಿತು.

ಅಳಿಯನಿಗೆ ಆಗ ಬಾಯಿ ಬಂತು. "ನೋಡ ಅತ್ತಿ, ನಾವಿಬ್ಬರು ಗಂಟಲ ಹರಕೊಂಡ್ವಿ. ಇದು ಇಲ್ಲೇ ಎಲ್ಲ್ಯೋ ಕುಂತು, ಮುದಿಕಿ ಯಾವಾಗ ರೊಟ್ಟಿ ಬಡೀತಾಳ ಅಂತ ಕಾಯಾಕತ್ತಿತ್ತು."

"ನೀನೂ ಹಂಗ ಕಾಯ್ದಿ. ತಿನ್ನು," ಎಂದು ಎರಡನೆಯ ರೊಟ್ಟಿ ಅವನಿಗೆ ಕೊಟ್ಟೆ.

ಗದ್ದೆಯವಳಿಗೂ ಒಂದು ಕೊಟ್ಟೆ. ಅವಳು ತುಸು ಮುರಿದು ತಿಂದು, ಗಟ್ಟಿ ಎಂದಳು. ಆಮೇಲೆ ತನ್ನ ಮೀನಿನ ಸಾರಿನಲ್ಲಿ ನೆನೆಸಿಕೊಂಡು ಪೂರ್ತಿ ತಿಂದಳು. ನಮ್ಮನ್ನೆಲ್ಲ ಒಳಗಿನ ಕೋಣೆಯಲ್ಲಿ ಮಲಗಿಸಿ ಬಾಗಿಲಿಗೆ ಅಗಳಿ ಹಾಕಿದಳು. ಅವಳ ಮನೆಯ ಹೊಸ್ತಿಲನ್ನು ನಾಯಿ ಕೇಳದೆಯೇ ದಾಟಿತು. ಗೂಟ ಬಿಚ್ಚುವುದನ್ನು ಎಲ್ಲರೂ ಮರೆತಿದ್ದೆವು. ಅದು ಮಗ್ಗುಲು ಬದಲಿಸಿದಾಗಲೆಲ್ಲ ನೆಲದ ಮೇಲೆ ಸದ್ದಾಗುತ್ತಿತ್ತು. ನನಗೆ ನಿದ್ದೆ ಬಂತು.

ಮರುದಿನ ಬೆಳಗಾದರೂ ಮಳೆ ಬಿಟ್ಟಿರಲಿಲ್ಲ. ಅಳಿಯ ದಿಬ್ಬದ ಮೇಲೆ ಬಿದ್ದ ಟೆಂಟನ್ನು ಸುತ್ತುತ್ತಿದ್ದ, ಮಗಳು ಇನ್ನೂ ಮಲಗಿದ್ದಳು. ನಾಯಿ ಬಾಗಿಲಲ್ಲಿ ನಿಂತು ಮಳೆ ನೋಡುತ್ತದೆ, ನನ್ನ ಮುಖ ನೋಡುತ್ತದೆ, ಮತ್ತೆ ಮಳೆ ನೋಡುತ್ತದೆ. ಕುಂಯ್ ಅಂದಿತು. ನಾನು ಗೂಟ ಬಿಚ್ಚಿ ಎಸೆದೆ, ಹಗ್ಗವನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡೆ, ಅಳಿಯನ ಛತ್ರಿ ತೆಗೆದುಕೊಂಡು ಅದರ ಮೇಲೆ ಹಿಡಿದು ಅಂಗಳಕ್ಕೆ ಇಳಿದೆ.

"ಅತ್ತೀ!" ಎಂದು ದಿಬ್ಬದ ಮೇಲಿನಿಂದ ಕೂಗಿದ. "ಮದುಮಗನ ಮೆರವಣಿಗಿ ಎಲ್ಲಿಗಿ ಹೊಂಟೈತಿ?"

"ಬಾಯಿ ಮುಚ್ಚಿಕೊಂಡ ನಿನ್ನ ಕೆಲಸ ನೋಡ್ಕೋ," ಎಂದೆ.

ನಾಯಿ ಒಂದು ಗಿಡ ಮೂಸಿತು, ಬೇಡ ಅಂದಿತು. ಇನ್ನೊಂದು ಮೂಸಿತು. ಬೆನ್ನು ಬಗ್ಗಿಸಿ ಛತ್ರಿ ಹಿಡಿದು ಅದರ ಹಿಂದೆ ಗದ್ದೆಯ ಬದುವಿನ ತನಕ ಹೋದೆ. ಅಲ್ಲಿ ಕಾಲೆತ್ತಿತು. ಮುಗಿಸಲು ಬಹಳ ಹೊತ್ತು ಹಿಡಿಯಿತು. ಅದರ ಮೈ ಮೇಲೆ ಒಂದು ಹನಿ ಬೀಳಲಿಲ್ಲ. ನನ್ನ ಸೀರೆ ಹಿಂಡುವಂತಾಗಿತ್ತು.