ನಿಂಬೆಹಣ್ಣಿನ ಮೇಲೆ ಹೋದ ಎಂಜಿನ್

ಲಕ್ಷ್ಮೀಶನ ಕೈ ನಡುಗಲು ಶುರುವಾದದ್ದು ೧೯೯೩ರ ಜುಲೈನಲ್ಲಿ. ಸಿಡ್ನಿಯಲ್ಲಿ ಆಗ ಚಳಿಗಾಲ, ಅದಕ್ಕೇ ಅಂದುಕೊಂಡೆವು. ಸೆಕೆ ಬಂತು, ನಡುಕ ಹೋಗಲಿಲ್ಲ. ಡಾಕ್ಟರು ಕಾಯಿಲೆಯ ಹೆಸರು ಹೇಳಿ, ಇದು ವಾಸಿಯಾಗುವುದಲ್ಲ, ಹೆಚ್ಚುವುದು ಅಂದರು. ಆಸ್ಪತ್ರೆ ಬಾಗಿಲಲ್ಲಿ ಅವನು ನನ್ನನ್ನು ಕೇಳಿದ್ದು ಒಂದೇ ಮಾತು.

"ಎಂಜಿನ್ ಮುಗಿಯತ್ತೇನೋ ಭಾಸ್ಕರಾ?"

ಅವನು ಹುಟ್ಟಿದ್ದು ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ. ಅಪ್ಪ ಕಲ್ಲಿದ್ದಲು ಎತ್ತಿ ಹಾಕುವ ಫೈರ್‌ಮನ್. ಯುದ್ಧದ ಕಾಲದಲ್ಲಿ ಅಮೆರಿಕದಿಂದ ಹಡಗಿನಲ್ಲಿ ಬಂದಿದ್ದ ಎಂಜಿನ್ನಿನ ಮೇಲೆ ದುಡಿದವರು. ಅದರ ಅಣ್ಣತಮ್ಮಂದಿರು ಅಮೆರಿಕದಲ್ಲಿ ಹೇಗಿದ್ದವು ಎಂದು ಹುಡುಕುತ್ತಲೇ ಮಗನಿಗೆ ಹುಚ್ಚು ಹಿಡಿಯಿತು. ಸಿಡ್ನಿಯಲ್ಲಿ ನಕ್ಷೆ ಬಿಡಿಸುವ ಕೆಲಸ ಸಿಕ್ಕಿದ ಮೇಲೆ ಟೂಂಗಾಬಿ ಬಡಾವಣೆಯ ಮನೆಯ ಗ್ಯಾರೇಜಿನಲ್ಲಿ ಕಾರು ನಿಲ್ಲಲೇ ಇಲ್ಲ. ಹಳೇ ಅಮೆರಿಕನ್ ರೈಲುಗಳ ಫೋಟೋ ತರಿಸುವುದು, ಅಳತೆ ಇಳಿಸುವುದು, ಕಡ್ಡಿಯಷ್ಟು ಸಣ್ಣ ಹಲಗೆ ಜೋಡಿಸಿ ಆಟಿಕೆಯಷ್ಟು ಚಿಕ್ಕ ಬೋಗಿ ಕಟ್ಟುವುದು. ಅವನ ಗೆಳೆಯ ನಾನೋ, ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಲಾರಿ ಹತ್ತಿದವನು, ಇಲ್ಲೂ ವ್ಯಾನು ಓಡಿಸುವವನು. "ಅಂಗಡೀಲಿ ರೆಡಿಮೇಡ್ ಸಿಗಲ್ವೇನಯ್ಯ?" ಅಂದರೆ, "ಸಿಗತ್ತೆ, ನಿನ್ನಂಥ ಒರಟರಿಗೆ" ಅನ್ನುತ್ತಿದ್ದ.

ಬೋಗಿಗಳಾಗಿದ್ದವು. ಆಗ ಕಟ್ಟುತ್ತಿದ್ದ ಎಂಜಿನ್ ಮಾತ್ರ ಅದೇ ಮೊದಲು, ಅದೇ ಕೊನೆ. ಮೆಲ್ಬರ್ನ್‌ನಲ್ಲಿ ಪ್ರತಿ ಅಕ್ಟೋಬರ್ ಮಾಡೆಲ್ ಕಟ್ಟುವವರ ಪ್ರದರ್ಶನ ನಡೆಯುತ್ತಿತ್ತು. ಅಲ್ಲಿ ಎಂಜಿನ್ ತಾನಾಗಿ ಬೋಗಿಗಳನ್ನೆಳೆದುಕೊಂಡು ಹಳಿಯ ಮೇಲೆ ಒಂದು ಸುತ್ತು ಬರಬೇಕು. "ಅದೊಂದು ಸುತ್ತು ಓಡಲಿ, ಆಮೇಲೆ ಈ ಕೈ ಬಿದ್ದುಹೋಗಲಿ" ಅನ್ನುತ್ತಿದ್ದ. ಮುಂಗೈಯನ್ನು ಟವೆಲಿನಿಂದ ಮೇಜಿಗೆ ಬಿಗಿದು ಕಟ್ಟಿಸಿಕೊಂಡು ಹಿತ್ತಾಳೆಗೆ ಬೆಸುಗೆ ಹಾಕಿದ. ಕಟ್ಟುವವಳು ಹೆಂಡತಿ ಅನಸೂಯಾ. ಕಟ್ಟಿ, ಒಳಗೆ ಹೋಗಿ ಕೂತು ಅಳುತ್ತಿದ್ದಳು.

ಮರುವರ್ಷ ಎಂಜಿನ್ ಮುಗಿಯಿತು. ಗ್ಯಾರೇಜಿನಲ್ಲಿ ಓಡಿತು ಕೂಡ. ಅವನೂ ನಾನೂ ವ್ಯಾನಿನಲ್ಲಿ ಮೆಲ್ಬರ್ನ್‌ಗೆ ಹೊರಟದ್ದು ಆಯುಧಪೂಜೆಯ ದಿನ. ಹೊಲಿಗೆ ಮಷಿನ್, ಇಸ್ತ್ರಿ ಪೆಟ್ಟಿಗೆ, ಎಲ್ಲಕ್ಕೂ ಕುಂಕುಮವಾಯಿತು. ವ್ಯಾನಿನ ಚಕ್ರದಡಿ ನಿಂಬೆಹಣ್ಣಿಟ್ಟು ನಾನು ಹತ್ತಿಸಿದೆ. ಲಕ್ಷ್ಮೀಶ ನೋಡುತ್ತ ನಿಂತಿದ್ದವನು, ಎಂಜಿನ್ ತೋರಿಸಿ, "ಇದಕ್ಕೂ ಆಗಬೇಕು" ಅಂದ.

"ರೀ, ಪ್ರತಿ ಸಲದ ಹಾಗೆ ರೈಲಿನ ಪೆಟ್ಟಿಗೆ ಮೇಲೆ ಕುಂಕುಮ ಇಟ್ರೆ ಸಾಕು."

"ಈ ಸಲ ಏನೂ ಬಿಡಬಾರದು ಕಣೇ."

ಇಡೀ ಹಣ್ಣು ಜಜ್ಜುವಷ್ಟು ಭಾರ ಆ ಎಂಜಿನ್ನಿಗೆಲ್ಲಿ? ಬಿಲ್ಲೆಬಿಲ್ಲೆಯಾಗಿ ಹೆಚ್ಚಿ, ಕುಂಕುಮ ಹಚ್ಚಿ, ಒಂದೊಂದು ಚಕ್ರದ ಮುಂದೂ ಇಟ್ಟು, ಕೈಯಿಂದ ಒತ್ತಿ ತಳ್ಳಿದ. ರಸ ಚಿಮ್ಮಿತು. ಮೇಲೆಲ್ಲ ಒರೆಸಿ, ಹತ್ತಿಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿದ.

ಮಾರನೆಯ ದಿನ ಮೆಲ್ಬರ್ನ್‌ನ ಪ್ರದರ್ಶನದ ಹಾಲ್‌ನಲ್ಲಿ ಎಂಜಿನ್ನನ್ನು ಹಳಿಗಿಟ್ಟು ಸ್ವಿಚ್ ಒತ್ತಿದ. ಗುಂಯ್ ಅಂತು. ಕದಲಲಿಲ್ಲ. ಬೋಗಿ ಕಳಚಿ ಮತ್ತೆ ಒತ್ತಿದ. ಆಗಲೂ ಗುಂಯ್. ಮಗುಚಿ ನೋಡಿದರೆ, ರಸವೂ ಕುಂಕುಮವೂ ಸೇರಿ ಗೇರುಗಳ ಹಲ್ಲಿನಲ್ಲಿ ಗೋಂದಿನ ಹಾಗೆ ಒಣಗಿದೆ. ಕರೆಂಟು ಹೊರುವ ತೆಳು ಹಿತ್ತಾಳೆ ಪಟ್ಟಿ ಹಸಿರುಗಟ್ಟಿದೆ.

ಪಕ್ಕದ ಮೇಜಿನ ಮುದುಕ ಎದ್ದು ಬಂದ. "ಕೊಡು ಮೇಟ್, ಬಿಚ್ಚಿ ತೊಳೆದುಕೊಡ್ತೀನಿ."

ಲಕ್ಷ್ಮೀಶ ಎಂಜಿನ್ನನ್ನು ಎದೆಗವಚಿಕೊಂಡ. ನನಗೆ ತಲೆ ಕೆಟ್ಟಿತು. "ಕೊಡೋ! ನಿನ್ನ ಕೈಲಾಗಲ್ಲ, ಕೊಡೋ!"

ಹಾಲ್‌ನಲ್ಲಿದ್ದವರೆಲ್ಲ ತಿರುಗಿ ನೋಡಿದರು.

"ಇದನ್ನ ನಾನೇ ಕಟ್ಟಿದ್ದು" ಅಂದ. ತಾನೇ ಕೂತು ಬಿಚ್ಚತೊಡಗಿದ. ಅಲ್ಲಿ ಟವೆಲ್ ಕಟ್ಟಲು ಅನಸೂಯಾ ಇರಲಿಲ್ಲ. ನಾನು ಮುಂಗೈ ಹಿಡಿಯಲು ಹೋದರೆ ಕೊಡವಿದ. ಚಕ್ರಗಳನ್ನು ಜೋಡಿಸುವ ಸಲಾಕೆಯ ಸ್ಕ್ರೂ ಸಾಸಿವೆಯಷ್ಟು ದಪ್ಪವೂ ಇರಲಿಲ್ಲ. ಹೊರಬಂದದ್ದೇ ಅವನ ಬೆರಳಿನಿಂದ ಹಾರಿತು.

ಕಾರ್ಪೆಟ್ ಮೇಲೆ ನಾನು, ಆ ಮುದುಕ, ಯಾರು ಯಾರೋ ಬಿಳಿಯರು ಮೊಣಕಾಲೂರಿ ಹುಡುಕಿದೆವು. ಸಿಗಲಿಲ್ಲ. ಅವನ ಸರದಿ ಮುಗಿಯಿತು. "ಮುಂದಿನ ವರ್ಷ ತಗೊಂಡು ಬಾ" ಅಂದರು ಪ್ರದರ್ಶನದವರು. ಪಾಪ, ಅವರಿಗೇನು ಗೊತ್ತು?

ವಾಪಸು ಬರುವ ದಾರಿಯುದ್ದಕ್ಕೂ ಪೆಟ್ಟಿಗೆ ಅವನ ತೊಡೆಯ ಮೇಲಿತ್ತು. ಟೂಂಗಾಬಿ ಮನೆಯ ಬಾಗಿಲಲ್ಲೇ ಅನಸೂಯಾ ನಿಂತಿದ್ದಳು.

"ಓಡ್ತಾ?"

ಲಕ್ಷ್ಮೀಶ ಎಂಜಿನ್ನನ್ನು ಎರಡೂ ಕೈಯಲ್ಲಿ ಎತ್ತಿ ಅವಳ ಮುಂದೆ ಹಿಡಿದ. ಕೈಯ ನಡುಕಕ್ಕೆ ಸಡಿಲ ಸಲಾಕೆ ಟಕಟಕ ಬಡಿಯುತ್ತಿತ್ತು.

"ಓಡ್ತಾನೇ ಇದೆ ನೋಡೆ. ನಿಲ್ಸಕ್ಕೇ ಆಗ್ತಿಲ್ಲ."

ನನಗೆ ನಿಲ್ಲಲಾಗಲಿಲ್ಲ. ಹೊರಗೆ ಬಂದು ವ್ಯಾನಿನ ಟೈರಿಗೆ ಜಾಡಿಸಿ ಒದ್ದೆ.