ಟ್ರೇ ಹಿಡಿಯ ಬಣ್ಣದ ನೂಲು

೨೦೨೨ರಲ್ಲಿ ನಾನು ಕೊಯಮತ್ತೂರಿನ ಹೊರವಲಯದ ಬಾಳೆ ಟಿಶ್ಯೂ ಕಲ್ಚರ್ ಲ್ಯಾಬೊಂದರಲ್ಲಿ ಪ್ರೊಡಕ್ಷನ್ ಮ್ಯಾನೇಜರ್ ಆಗಿದ್ದೆ. ಬಾಳೆ ಕಂದಿನ ತುದಿಯನ್ನು ಬಾಟಲಿಯಲ್ಲಿ ಬೆಳೆಸಿ, ಒಡೆದ ಚಿಗುರುಗಳನ್ನು ಕತ್ತರಿಸಿ ಮತ್ತೆ ಹೊಸ ಬಾಟಲಿಗೆ ಹಾಕುತ್ತಾ ಹೋಗುವುದು ನಮ್ಮ ಕೆಲಸ. ಹೀಗೆ ಒಂದು ಸುತ್ತು ಕತ್ತರಿಸಿ ಹಾಕುವುದಕ್ಕೆ ಸಬ್‌ಕಲ್ಚರ್ ಎನ್ನುತ್ತಾರೆ. ಎಂಟು ಸುತ್ತಿಗೆ ನಿಲ್ಲಿಸುವುದು ನಮ್ಮಲ್ಲಿ ನಿಯಮ. ಮೀರಿದರೆ ಗಿಡದ ಗುಣ ಕೆಡುತ್ತದೆ. ಆ ವರ್ಷ ಕತ್ತರಿಸಲು ಕ್ಯಾಮೆರಾ ಕಣ್ಣಿನ ಯಂತ್ರ ಬಂತು. ನನ್ನ ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ದಣಿದಿದ್ದೆ. ಅದೊಂದು ಓಡಿದರೆ ಸಾಕಪ್ಪಾ ಎನಿಸಿತ್ತು.

ಮೊದಲ ದಿನವೇ ಯಂತ್ರದ ಕೈ ನೂಲಿಗೆ ಸಿಕ್ಕಿಕೊಂಡಿತು. ಇಪ್ಪತ್ತೆರಡು ವರ್ಷದಿಂದ ಚಿಗುರು ಕತ್ತರಿಸುತ್ತಿದ್ದ ರುಕ್ಮಿಣಿಯಮ್ಮ ಹತ್ತಿರದ ನೆಗಮಂ ಊರಿನ ನೇಕಾರರ ಮನೆಯವರು. ಮಗ್ಗದಲ್ಲಿ ಉಳಿದ ಬಣ್ಣದ ನೂಲು ತಂದು ಬಾಟಲಿ ಜೋಡಿಸಿಟ್ಟ ಟ್ರೇಗಳ ಹಿಡಿಗೆ ಕಟ್ಟುತ್ತಿದ್ದರು. ದೃಷ್ಟಿಗೆ ಇರಬೇಕೆಂದು ತಿಳಿದು ನಾನು ಕೇಳುವ ಗೋಜಿಗೇ ಹೋಗಿರಲಿಲ್ಲ. ಎಲ್ಲವನ್ನೂ ಕತ್ತರಿಸಿ ತೆಗೆಯಲು ಹೇಳಿದೆ. ಅವರು ಏನೋ ಹೇಳಬಂದರು. “ಆಮೇಲೆ ಹೇಳಿಯಮ್ಮಾ” ಎಂದು ಹೊರಟುಬಿಟ್ಟೆ.

ಪ್ರತಿ ಟ್ರೇ ಎಷ್ಟನೇ ಸುತ್ತಿನಲ್ಲಿದೆ ಎಂದು ಕಂಪ್ಯೂಟರ್ ಕೇಳಿತು. ರಿಜಿಸ್ಟರಿನಲ್ಲಿ ಬ್ಯಾಚಿನ ಹೆಸರಷ್ಟೇ ಸಿಕ್ಕಿತು. ಹೆಚ್ಚಿನವು ಹೊಸವೇ ಇರಬೇಕೆಂದು ಎಲ್ಲದಕ್ಕೂ ‘ಒಂದು’ ಎಂದು ತುಂಬಿಸಿದೆ.

ಮುಂದಿನ ವರ್ಷ, ಬಾಟಲಿಯಿಂದ ತೆಗೆದು ನೆರಳು ಬಲೆಯಡಿ ನೆಟ್ಟ ಗಿಡಗಳಲ್ಲಿ ಬಿಳಿ ಪಟ್ಟೆಯ ಎಲೆಗಳು ಕಂಡವು. ಕೆಲವು ಗೇಣುದ್ದಕ್ಕೇ ನಿಂತುಬಿಟ್ಟಿದ್ದವು. ಯಂತ್ರ ತಪ್ಪು ಮಾಡದು, ಮೊದಲು ಕೈಯಿಟ್ಟವರದೇ ತಪ್ಪು ಎಂದು ಆಡಳಿತದವರು ಸಭೆ ಸೇರಿಸಿ ರುಕ್ಮಿಣಿಯಮ್ಮನನ್ನು ಮನೆಗೆ ಕಳಿಸಿದರು. ನನ್ನ ವರದಿ ಬಂದ ಮೇಲೆ ಅವರ ಕೆಲಸದ ತೀರ್ಮಾನ. ಆ ಸಭೆಯಲ್ಲಿ ನಾನು ತುಟಿ ಬಿಚ್ಚಲಿಲ್ಲ. ಈಗಲೂ ನೆನೆದರೆ ನಾಚಿಕೆಯಾಗುತ್ತದೆ.

ವರದಿ ಬರೆಯುವ ಮುಂಚೆ ನೆಗಮಂಗೆ ಹೋದೆ. ರುಕ್ಮಿಣಿಯಮ್ಮ ರಾಟೆಯ ಮುಂದೆ ಕೂತು ನೂಲು ಸುತ್ತುತ್ತಿದ್ದರು. ಅಂದು ನೂಲಿನ ಬಗ್ಗೆ ಏನು ಹೇಳಬಂದಿದ್ದಿರಿ ಎಂದು ಕೇಳಿದೆ.

“ಒಂದೊಂದು ವಾಟಿ, ಒಂದೊಂದು ಸುತ್ತು ಕತ್ತರಿಸಿದಾಗ್ಲೂ ಒಂದು ನೂಲು ಸಾರ್. ಎಂಟಾದ್ರೆ ಆ ಟ್ರೇ ಬೇಡ ಅಂತ ಎತ್ತಿಡ್ತಿದ್ದೆ.”

“ದೃಷ್ಟಿಗೆ ಅಂದುಕೊಂಡಿದ್ದೆನಲ್ಲಮ್ಮಾ.”

“ಬಾಟಲಿಗೆ ಯಾರು ಸಾರ್ ದೃಷ್ಟಿ ಹಾಕ್ತಾರೆ? ಅದು ಕಣಕ್ಕು, ಲೆಕ್ಕ. ಎಷ್ಟು ಸೀರೆ ಆಯ್ತು ಅಂತ ನಮ್ಮಮ್ಮ ಮಗ್ಗದಾಗೆ ಹಿಂಗೇ ಕಟ್ತಿದ್ಲು.” ರಾಟೆ ನಿಲ್ಲಿಸಿದರು. “ನೀವು ತೆಗೀರಿ ಅಂದ ದಿನ ಸುಮಾರು ಟ್ರೇಗೆ ಏಳು ನೂಲಿತ್ತು.”

ಏಳನ್ನು ನಾನು ಒಂದು ಮಾಡಿದ್ದೆ. ಯಂತ್ರ ಅದರ ಮೇಲೆ ಇನ್ನೂ ಏಳು ಸುತ್ತು ನಿಷ್ಠೆಯಿಂದ ಕತ್ತರಿಸಿತ್ತು.

ವರದಿಯಲ್ಲಿ ತಪ್ಪು ನನ್ನದೆಂದು ಬರೆದು ಸಹಿ ಹಾಕಿದೆ. ಗಿಡಗಳನ್ನೆಲ್ಲ ನಾಶಮಾಡಿದರು. ನನ್ನ ಹುದ್ದೆ ಹೋಯಿತು. ಉಳಿದ ತಿಂಗಳುಗಳನ್ನು ಸ್ಟೋರಿನಲ್ಲಿ ಕಳೆದೆ. ರುಕ್ಮಿಣಿಯಮ್ಮ ವಾಪಸು ಬಂದರು. ಯಂತ್ರವೂ ಉಳಿಯಿತು, ಅದರ ಕೈಗೆ ತಗುಲದಂತೆ ನೂಲು ಕಟ್ಟಲು ಕೊಯಮತ್ತೂರಿನ ಗಣಪತಿ ಬಡಾವಣೆಯ ವರ್ಕ್‌ಶಾಪೊಂದರಲ್ಲಿ ಟ್ರೇಗಳಿಗೆ ಕೊಕ್ಕೆ ಮಾಡಿಸಿದರು.

ಕೆಲಸದಲ್ಲಿ ಅರ್ಥವಾಗದ್ದನ್ನು ಕಂಡರೆ ತೆಗೆಯುವ ಮುಂಚೆ ಕೇಳಬೇಕು, ಕೇಳಿ ಉತ್ತರ ಮುಗಿಯುವವರೆಗೆ ನಿಲ್ಲಬೇಕು. ಮೂವತ್ತು ವರ್ಷದ ವೃತ್ತಿ ನನಗೆ ಇದನ್ನು ಕಲಿಸಿದ್ದು ಕೊನೆಗೆ. ಅವರು ಕೆಲಸಕ್ಕೆ ಮರಳಿದ ದಿನ ಕ್ಷಮೆ ಕೇಳಲು ಹೋಗಿದ್ದೆ. ರುಕ್ಮಿಣಿಯಮ್ಮ ನೂಲಿನ ಉಂಡೆಯನ್ನು ನನ್ನ ಕೈಗಿಟ್ಟರು.

“ತೆಗ್ಸಿದ್ದು ನೀವು ತಾನೆ ಸಾರ್? ನೀವೇ ಕಟ್ಟಿ.”

ಸಂಜೆಯವರೆಗೂ ಕೂತು ಕಟ್ಟಿದೆ.